ಹತ್ತು ಮೂಟೆಯ ಗಾಡಿ

ನಂಜನಗೂಡಿನಲ್ಲಿ ಧಾನ್ಯದ ಮಂಡಿ ನಡೆಸುವ ಶ್ರಾವಕರೊಬ್ಬರು 2022ರ ಬೇಸಗೆಯಲ್ಲಿ ಒಂದು ಇಕ್ಕಟ್ಟಿಗೆ ಸಿಲುಕಿದರು. ಅವರ ಸರಕಿನ ಗಾಡಿಗೆ ಆ ವರ್ಷ 15 ತುಂಬಿತ್ತು. ಅಷ್ಟು ಹಳೆಯದಾದ ಸರಕು ವಾಹನಗಳ ಕ್ಷಮತಾ ಪತ್ರವನ್ನು ನವೀಕರಿಸುವ ಶುಲ್ಕವನ್ನು ಹಲವು ಪಟ್ಟು ಏರಿಸಿದ ಕೇಂದ್ರ ಸರ್ಕಾರದ ನಿಯಮವು ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಗಾಡಿಯನ್ನು ಕೊಟ್ಟು ದೊಡ್ಡ ಪಿಕಪ್ ಕೊಳ್ಳಬೇಕೆಂಬುದು ಮಗನ ಹಟ. ಇರುವುದನ್ನೇ ದುರಸ್ತಿ ಮಾಡಿಸಿ ಇನ್ನೈದು ವರ್ಷ ನಡೆಸಬೇಕೆಂಬುದು ತಂದೆಯ ಇಚ್ಛೆ. ಮೇಲ್ನೋಟಕ್ಕೆ ಇದು ಮನೆಮನೆಯಲ್ಲಿಯೂ ನಡೆಯುವ ಚರ್ಚೆ. ಆದರೆ ಆ ಹಿರಿಯರ ಪಾಲಿಗೆ ಅದರೊಳಗೆ ಒಂದು ವ್ರತದ ಪ್ರಶ್ನೆಯೂ ಅಡಗಿತ್ತು.

ಅವರ ಮನೆತನದ ವ್ಯಾಪಾರವೆಲ್ಲ ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಹಬ್ಬಿದ್ದು. ಕಪಿಲೆಯ ನೀರುಂಡ ಗದ್ದೆಗಳ ಭತ್ತ, ಆಲೆಮನೆಗಳ ಬೆಲ್ಲ, ಬೆಟ್ಟದ ಸೀಮೆಯ ಹುರುಳಿ, ಅವರೆ. ಅಜ್ಜನ ಕಾಲದಲ್ಲಿ ಇವೆಲ್ಲ ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ಅನಂತರ ಮನೆಗೆ ಬಂದದ್ದು ಮೆಟಡೋರ್. ಅದರ ತರುವಾಯ, 2007ರಲ್ಲಿ, ಟಾಟಾ ಏಸ್. ಎರಡೇ ಸಿಲಿಂಡರು, 16 ಅಶ್ವಶಕ್ತಿ, ಮುಕ್ಕಾಲು ಟನ್ನಿನ ಹೊರೆ. 2005ರ ಮೇ ತಿಂಗಳಲ್ಲಿ ಅದು ಮಾರುಕಟ್ಟೆಗೆ ಬಂದಾಗ ಬೆಲೆ ಸುಮಾರು ಎರಡೂಕಾಲು ಲಕ್ಷ ರೂಪಾಯಿ. ಮೂರು ಗಾಲಿಯ ಗಾಡಿ ನಡೆಸುತ್ತಿದ್ದವನೂ ನಾಲ್ಕು ಗಾಲಿಯ ಕನಸು ಕಾಣಬಹುದಾದ ಬೆಲೆ ಅದು. ರೇಡಿಯೋ ಇಲ್ಲ, ಚುಕ್ಕಾಣಿಗೆ ಯಂತ್ರದ ನೆರವಿಲ್ಲ, ಗಾಜು ಇಳಿಸುವುದೂ ಕೈಯಿಂದಲೇ. ಕೆಟ್ಟರೆ ಊರಿನ ಮೆಕ್ಯಾನಿಕ್ ಆಸನವನ್ನೆತ್ತಿ ಎಂಜಿನ್ನಿಗೆ ಕೈಹಾಕುತ್ತಿದ್ದ. ಮಧ್ಯಾಹ್ನದೊಳಗೆ ಗಾಡಿ ಮತ್ತೆ ಬೀದಿಗಿಳಿಯುತ್ತಿತ್ತು.

ಇಲ್ಲೊಂದು ಮಾತು ನೆನೆಯತಕ್ಕದ್ದು. ನಮ್ಮ ಸೀಮೆಯಲ್ಲಿ ಯಾವ ಕಂಪನಿಯ ಸಣ್ಣ ಸರಕು ವಾಹನವಾದರೂ ಜನರ ಬಾಯಲ್ಲಿ ಅದು ‘ಟೆಂಪೊ’ವೇ. ಜರ್ಮನಿಯ ಆ ಹೆಸರನ್ನು ಭಾರತದ ಹಳ್ಳಿಗಳಿಗೆ ತಂದದ್ದು 1958ರಲ್ಲಿ ಸ್ಥಾಪನೆಯಾದ ಬಜಾಜ್ ಟೆಂಪೊ ಸಂಸ್ಥೆ. ಅದನ್ನು ಕಟ್ಟಿದವರು ಅಹಮದನಗರದ ಜೈನ ಮನೆತನದ ಸ್ವಾತಂತ್ರ್ಯ ಹೋರಾಟಗಾರ ನವಲ್‌ಮಲ್ ಫಿರೋದಿಯಾ. ಮೊದಲು ಮೂರು ಗಾಲಿಯ ಹ್ಯಾನ್ಸೀಟ್, 1969ರಿಂದ ಮೆಟಡೋರ್. ಬಡವನ ಹೊರೆ ಹೊರುವುದಕ್ಕೆಂದೇ ಹುಟ್ಟಿದ ವಾಹನಗಳಿವು. ನೋಡುವವರ ಮೆಚ್ಚುಗೆ ಅವುಗಳ ಲೆಕ್ಕದಲ್ಲಿರಲಿಲ್ಲ. ಏಸ್ ಬಂದ 2005ರಲ್ಲಿಯೇ ಆ ಸಂಸ್ಥೆ ತನ್ನ ಹೆಸರನ್ನು ಫೋರ್ಸ್ ಮೋಟರ್ಸ್ ಎಂದು ಬದಲಿಸಿಕೊಂಡಿತು. ಟೆಂಪೊ ಎಂಬ ಪದ ಕಂಪನಿಯ ಫಲಕದಿಂದ ಇಳಿದರೂ ಸಂತೆಯ ಮಾತಿನಿಂದ ಇಳಿದಿಲ್ಲ.

ಭತ್ತದ ಮೂಟೆಗೆ 75 ಕಿಲೋ. ಹತ್ತು ಮೂಟೆಗೆ 750 ಕಿಲೋ. ಏಸ್ ಗಾಡಿಗೆ ನಿಗದಿಯಾದ ಹೊರೆಯೂ ಅಷ್ಟೇ. ಮಂಡಿಯ ಹಿರಿಯರು ಗಾಡಿ ಕೊಂಡ ವಾರದಲ್ಲಿಯೇ ಹಿಂಬದಿಯ ತೊಟ್ಟಿಯ ಒಳಮೈಗೆ, ಹತ್ತು ಮೂಟೆ ಜೋಡಿಸಿದರೆ ಮುಟ್ಟುವ ಎತ್ತರಕ್ಕೆ, ಬಿಳಿಯ ಬಣ್ಣದಲ್ಲಿ ಒಂದು ಗೆರೆಯೆಳೆದರು. ಪಕ್ಕದ ಮಂಡಿಯ ಇಂಥದೇ ಗಾಡಿ ಹದಿನೆಂಟು, ಇಪ್ಪತ್ತು ಮೂಟೆ ಹೊತ್ತು ಏದುಸಿರುಬಿಡುತ್ತ ಬರುತ್ತಿತ್ತು. ಇವರದು ಎರಡು ಸಲ ಹೋಗಿ ಬರಬೇಕಾಗುತ್ತಿತ್ತು. ಎಣ್ಣೆಯ ಖರ್ಚು ಹೆಚ್ಚು, ಲಾಭ ಕಡಿಮೆ. ಜನ ನಕ್ಕರು. ಮಗನಿಗೆ ನಾಚಿಕೆಯಾಯಿತು.

ಅವರು ಗೆರೆಯೆಳೆದದ್ದು ಪೊಲೀಸರ ಭಯದಿಂದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಐದೆಂದು ಎಣಿಸುವಾಗ ಅತಿವಾಹನದಿಂದ ಆರಂಭಿಸಿ ಅತಿಭಾರವಹನಕ್ಕೆ ಮುಗಿಸುತ್ತಾರೆ. ಲೋಭದಿಂದ ಎತ್ತನ್ನು ಅದು ಸುಖವಾಗಿ ನಡೆಯಬಲ್ಲ ದಾರಿಗಿಂತ ಹೆಚ್ಚು ನಡೆಸುವುದು ಒಂದು, ಹೊರಬಲ್ಲುದಕ್ಕಿಂತ ಹೆಚ್ಚು ಹೊರಿಸುವುದು ಮತ್ತೊಂದು. ತತ್ತ್ವಾರ್ಥಸೂತ್ರವು ಅತಿಭಾರಾರೋಪಣವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಹೊರೆಯ ಮಿತಿ ಆಸೆಗೂ ಸಂಬಂಧಿಸಿದ್ದು, ಹಿಂಸೆಗೂ ಸಂಬಂಧಿಸಿದ್ದು ಎಂದಾಯಿತು. ಎತ್ತು ಹೋಗಿ ಎಂಜಿನ್ ಬಂದ ಮೇಲೆ ನಮ್ಮ ಬಹುಪಾಲು ವ್ಯಾಪಾರಸ್ಥರು ಈ ಎರಡನ್ನೂ ಮರೆತರು. ಕಬ್ಬಿಣಕ್ಕೆ ನೋವಿಲ್ಲವಲ್ಲ ಎಂಬುದು ಅವರ ವಾದ. ಅಜ್ಜ ಎತ್ತುಗಳಿಗೆ ಪಾಲಿಸಿದ್ದ ಮಿತಿಯನ್ನು ಈ ಹಿರಿಯರು ಯಂತ್ರಕ್ಕೂ ಮುಂದುವರಿಸಿದರು. ಗಾಡಿ ತನ್ನ ಮಿತಿಯನ್ನು ತಾನೇ ಹೇಳುತ್ತದೆ, ಕೇಳಿಸಿಕೊಳ್ಳುವ ಕಿವಿ ಬೇಕು ಎನ್ನುವರು. ಸಾದಾ ಗಾಡಿಗಳಲ್ಲಿ ಅದು ನಿಜವೂ ಹೌದು: ಹೊರೆ ಮಿತಿಮೀರಿದರೆ ಪಟ್ಟಿಯ ಸ್ಪ್ರಿಂಗು ಬಾಗುತ್ತದೆ, ಏರಿನಲ್ಲಿ ಎಂಜಿನ್ ನರಳುತ್ತದೆ.

ಮಗ ತೋರಿಸಿದ ಹೊಸ ಪಿಕಪ್‌ಗಳು ಬೇರೆಯ ಜಾತಿಯವು. ಎಂಟು, ಹತ್ತು ಲಕ್ಷದ ಬೆಲೆ. ಅದರಲ್ಲಿ ಹೆಚ್ಚಿನ ಪಾಲು ಸಾಲ. ಗಾಡಿ ಎಲ್ಲಿದೆ, ಎಷ್ಟು ಓಡಿತು, ಎಷ್ಟು ಎಣ್ಣೆ ಕುಡಿಯಿತು ಎಂದು ಮಾಲೀಕನ ಮೊಬೈಲಿಗೆ ತಿಳಿಸುವ ಏರ್ಪಾಡು ಸರಕಿನ ಗಾಡಿಗಳಿಗೂ ಬಂದಿತ್ತು. 2022ರಲ್ಲಿಯೇ ಬಂದ ಮಹೀಂದ್ರದ ಬೊಲೆರೊ ಮ್ಯಾಕ್ಸ್ ಅಂಥದು. ಅದೇ ವರ್ಷ ಟೊಯೋಟಾ ತನ್ನ ಹೈಲಕ್ಸ್ ಪಿಕಪ್ಪನ್ನು ಭಾರತದಲ್ಲಿ ಸುಮಾರು 34 ಲಕ್ಷ ರೂಪಾಯಿಗೆ ಮಾರಲಾರಂಭಿಸಿತ್ತು. ಹಲವು ದೇಶಗಳಲ್ಲಿ ರೈತನ ಗಾಡಿಯೆಂದು ಹೆಸರಾದ ವಾಹನವು ನಮ್ಮಲ್ಲಿ ಸಿರಿವಂತರ ವಿಹಾರಕ್ಕೆ ಬಂದಿಳಿಯಿತು. ಅಮೆರಿಕದಲ್ಲಿ ಈ ಮಾರ್ಪಾಟು ಎಷ್ಟೋ ಮೊದಲೇ ಆಗಿಹೋಗಿದೆ. ಅಲ್ಲಿ ಸಾಮಾನು ಹೊರುವ ತೊಟ್ಟಿ ಕುಗ್ಗಿ ಕುಳಿತುಕೊಳ್ಳುವ ಕೋಣೆ ಹಿಗ್ಗಿದೆ. ಸಾದಾ ಗಾಡಿ ಪೂರ್ತಿ ಅಳಿಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. 2023ರ ನವೆಂಬರಿನಲ್ಲಿ ಅದೇ ಟೊಯೋಟಾ ಥಾಯ್ಲೆಂಡಿನಲ್ಲಿ ಹೈಲಕ್ಸ್ ಚಾಂಪ್ ಎಂಬ ಆಡಂಬರವಿಲ್ಲದ ಪಿಕಪ್ಪನ್ನು ತಂದಿತು. 2025ರ ಜೂನಿನಲ್ಲಿ ಟಾಟಾದವರು ಏಸ್ ಪ್ರೊ ಎಂಬ ಸಣ್ಣ ಗಾಡಿಯನ್ನು ನಾಲ್ಕು ಲಕ್ಷದೊಳಗಿನ ಆರಂಭಿಕ ಬೆಲೆಗೆ ಬಿಟ್ಟರು. ಆದರೆ 2022ರ ಆ ಬೇಸಗೆಯಲ್ಲಿ ಮಂಡಿಯ ಹಿರಿಯರ ಮುಂದೆ ಇವೆರಡೂ ಇರಲಿಲ್ಲ.

ಸಾಲದ ಕಂತಿಗೂ ಹೊರೆಗೂ ಇರುವ ನಂಟನ್ನು ಅವರು ಬೇಗನೆ ಗುರುತಿಸಿದರು. ತಿಂಗಳಿಗೆ ಇಷ್ಟು ಕಟ್ಟಲೇಬೇಕೆಂದಾದಾಗ ಹನ್ನೊಂದನೆಯ ಮೂಟೆಗೆ ಬೇಡವೆನ್ನುವ ಧೈರ್ಯ ಯಾರಿಗಿದ್ದೀತು? ದುಬಾರಿ ಗಾಡಿ ಮಾಲೀಕನನ್ನು ಅತಿಭಾರಕ್ಕೆ ದೂಡುತ್ತದೆ. ಸಾಲವಿಲ್ಲದ ಹಳೆಯ ಗಾಡಿಯೇ ವ್ರತಕ್ಕೆ ಕ್ಷೇಮವೆಂದು ಅವರು ತೀರ್ಮಾನಿಸಿ, ದುರಸ್ತಿಗೆ ಹಣವನ್ನೂ ತೆಗೆದಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ಇದು ಹಳೆಯದೆಲ್ಲ ಒಳ್ಳೆಯದೆಂಬ ಇನ್ನೊಂದು ಕಥೆಯಾಗುತ್ತಿತ್ತು. ಎರಡು ಸಂಗತಿಗಳು ಅವರ ನಿಶ್ಚಯವನ್ನು ಅಲುಗಿಸಿದವು.

ಮೊದಲನೆಯದು ಹೊಗೆ. ಅವರ ಗಾಡಿ ಭಾರತ್ ಸ್ಟೇಜ್ ಎರಡರ ಕಾಲದ್ದು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಆರನೆಯ ಹಂತ ಜಾರಿಗೆ ಬಂದಿದೆ. ಡೀಸೆಲಿನ ಗಂಧಕದ ಅಂಶವನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಸಲಾಯಿತು. ಡೀಸೆಲ್ ಕಾರೊಂದು ಉಗುಳಬಹುದಾದ ಮಸಿಯ ಕಣಗಳ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಮಿನಿಂದ ನಾಲ್ಕೂವರೆಗೆ ಇಳಿಯಿತು. ವಾಯುಕಾಯಿಕ ಜೀವಗಳ ವಿಚಾರ ಹಾಗಿರಲಿ, ಮಂಡಿಯ ಎದುರಿನ ಶಾಲೆಯ ಮಕ್ಕಳ ಎದೆಗೆ ಇಳಿಯುವ ಮಸಿಯನ್ನು ಯಾವ ವ್ರತ ಸಮರ್ಥಿಸೀತು? ಸರಳತೆಯ ಹೆಸರಿನಲ್ಲಿ ಹಳೆಯ ಹೊಗೆಯನ್ನು ಕಾಪಾಡಿಕೊಳ್ಳುವುದು ಸರಿಯಲ್ಲವೆಂದು ಮಗ ಹೇಳಿದಾಗ ತಂದೆಗೆ ಉತ್ತರ ಹೊಳೆಯಲಿಲ್ಲ.

ಎರಡನೆಯದು ಇನ್ನೂ ಆಳಕ್ಕೆ ತಟ್ಟಿತು. ಏಪ್ರಿಲಿನ ಒಂದು ಮಧ್ಯಾಹ್ನ ನರಸೀಪುರದ ಗುಂಜಾ ನರಸಿಂಹಸ್ವಾಮಿ ದೇವಾಲಯದ ಬಳಿ ಬಸ್ಸು ತಪ್ಪಿ, ಹಿರಿಯರು ತಮ್ಮ ಗಾಡಿಯಲ್ಲಿಯೇ ಹಿಂದಿರುಗಬೇಕಾಯಿತು. 15 ವರ್ಷಗಳಲ್ಲಿ ಅವರು ಅದರೊಳಗೆ ಅಷ್ಟು ದೂರ ಕುಳಿತದ್ದು ಅದೇ ಮೊದಲು. ಎಂಜಿನ್ ಇರುವುದು ಆಸನದ ಅಡಿಯಲ್ಲಿ. ಅರ್ಧ ದಾರಿಗೆ ಬರುವಷ್ಟರಲ್ಲಿ ತೊಡೆ ಸುಡತೊಡಗಿತು, ಬೆನ್ನಿನ ಕೀಲುಗಳೆಲ್ಲ ಮಾತನಾಡತೊಡಗಿದವು. ನಾಲೆಯೊಂದರ ಬಳಿ ಚಾಲಕ ಗಾಡಿ ನಿಲ್ಲಿಸಿ, ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ ಹಿಂಡಿ, ಆಸನದ ಮೇಲೆ ಹಾಸಿದ. ಯಜಮಾನರಿಗೊಂದು, ತನಗೊಂದು. ಅವನು ಅದನ್ನು ಮಾಡಿದ ರೀತಿಯಲ್ಲಿ ದೂರೇನೂ ಇರಲಿಲ್ಲ. ದಿನವೂ ಹೀಗೆಯೇ ಮಾಡುವೆಯಾ ಎಂದು ಕೇಳಿದಾಗ, “ಬೇಸಗೆಯಲ್ಲಿ ಮಾತ್ರ, ಯಜಮಾನರೇ” ಎಂದ.

ಹತ್ತು ಮೂಟೆಗೆ ಗೆರೆಯೆಳೆದಿದ್ದವರಿಗೆ ಹನ್ನೊಂದನೆಯ ಮೂಟೆ ಅಷ್ಟು ವರ್ಷವೂ ಯಾರ ಬೆನ್ನಿನ ಮೇಲಿತ್ತೆಂಬುದು ಅಂದು ತಿಳಿಯಿತು. ಗಾಡಿಯ ಸರಳತೆ ಅವರ ವ್ರತ. ಅದರ ಕಾಯಕ್ಲೇಶ ಮಾತ್ರ ಬೇರೊಬ್ಬನದು. ತಪಸ್ಸನ್ನು ಸಂಬಳದವನಿಂದ ಮಾಡಿಸಿ ಪುಣ್ಯವನ್ನು ತನ್ನ ಖಾತೆಗೆ ಬರೆದುಕೊಂಡಂತೆ. ನಮ್ಮ ಧರ್ಮಾಭಿಮಾನಿ ಮನೆಗಳಲ್ಲಿ ಇಂಥ ಲೆಕ್ಕ ಅಪರೂಪವಲ್ಲವೆಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ದೊಡ್ಡ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿದಾಗ ಅದನ್ನು ಆಡಂಬರವೆಂದು ಆಕ್ಷೇಪಿಸಿದವರು ತಂಪಾದ ಕಾರಿನಲ್ಲಿ ಓಡಾಡುವವರೇ.

ಆ ಗಾಡಿಯ ಸರಳತೆಗೆ ಸಲ್ಲಬೇಕಾದ ಗೌರವ ಇದರಿಂದ ಕುಂದುವುದಿಲ್ಲ. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಮುನಿಸಂಘಗಳು ಕಾಲ್ನಡಿಗೆಯಲ್ಲಿ ವಿಹಾರಗೈದಾಗ, ಒಂದು ಸಂಘದ ಚೌಕದ ಪಾತ್ರೆಗಳನ್ನೂ ದವಸವನ್ನೂ ಹೊತ್ತು ಹಲವು ದಿನ ಹಿಂದೆಯೇ ಸಾಗಿದ್ದು ಅದೇ ಏಸ್. ವಾಹನ ತ್ಯಜಿಸಿದವರ ಹಿಂದೆ ವಾಹನ, ಅದೂ ನಡಿಗೆಯ ವೇಗದಲ್ಲಿ. ಇಂದಿನ ಡೀಸೆಲ್ ಎಂಜಿನ್ನುಗಳಿಗೆ ಈ ಬಗೆಯ ಸೇವೆ ಒಗ್ಗದು. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿರುತ್ತದೆ. ಗಾಡಿ ಹೆದ್ದಾರಿಯಲ್ಲಿ ಕೆಲಕಾಲ ಬಿಸಿಯಾಗಿ ಓಡಿದರೆ ಹಿಡಿದ ಮಸಿ ತಾನೇ ಉರಿದುಹೋಗುತ್ತದೆ. ನಿಂತು ನಿಂತು, ಬೀದಿಯಿಂದ ಬೀದಿಗೆ ಮೆಲ್ಲಗೆ ತೆವಳುವ ಗಾಡಿಯಲ್ಲಿ ಜಾಲರಿ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಊರಿನ ಮೆಕ್ಯಾನಿಕ್ ಕೈಚೆಲ್ಲುತ್ತಾನೆ. ಜಾಲರಿ ಅನ್ಯಾಯವಲ್ಲ. ಮೆಲ್ಲಗೆ ಹೋಗುವವನ ಕೆಲಸಕ್ಕೆ ತಕ್ಕ ಗಾಡಿ ಬೇಕಲ್ಲ ಎಂಬುದಷ್ಟೇ ಹಿರಿಯರ ಕೊರಗು.

ಮೂರು ತಿಂಗಳ ವಾದದ ಬಳಿಕ ತಂದೆ, ಮಗ ಇಬ್ಬರೂ ತುಸು ತುಸು ಬಾಗಿದರು. ದೊಡ್ಡ ಪಿಕಪ್ ಬರಲಿಲ್ಲ, ಹಳೆಯದೂ ಉಳಿಯಲಿಲ್ಲ. ಜಾಲರಿಯ ಗೊಡವೆಯಿಲ್ಲದ, ಪೆಟ್ರೋಲಿನಿಂದ ಓಡುವ, ಮುಕ್ಕಾಲು ಟನ್ನಿನ ಹೊಸ ಸಣ್ಣ ಗಾಡಿಯನ್ನು ಕೊಂಡರು. ದುರಸ್ತಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಮೈಸೂರಿನಿಂದ ಒಳ್ಳೆಯ ಆಸನವೊಂದನ್ನೂ ಎರಡು ಪುಟ್ಟ ಫ್ಯಾನುಗಳನ್ನೂ ತರಿಸಿ ಹಾಕಿಸಿದರು. ಯಾವ ಆಸನವೆಂದು ಆರಿಸಿದವನು ಚಾಲಕ. ಅದಕ್ಕಾದ ವೆಚ್ಚವನ್ನು ಕೇಳಿ ಮಗ ಹುಬ್ಬೇರಿಸಿದರೂ ತಂದೆ ಲೆಕ್ಕದ ಪುಸ್ತಕದಲ್ಲಿ ಅದನ್ನು ದುರಸ್ತಿ ಎಂದೇ ಬರೆದರು.

ಗಾಡಿ ಬಂದ ಮರುದಿನ ಹಿರಿಯರು ಬಿಳಿಯ ಬಣ್ಣದ ಡಬ್ಬಿ ಹಿಡಿದು ಅಂಗಳಕ್ಕೆ ಬಂದರು. ಈ ಸಲ ತಾವೇ ಅಳೆಯದೆ, ಗೆರೆ ಎಲ್ಲಿಗೆಳೆಯಲಿ ಎಂದು ಚಾಲಕನನ್ನು ಕೇಳಿದರು. ಅವನು ಹತ್ತು ಮೂಟೆಯ ಎತ್ತರವನ್ನು ಒಮ್ಮೆ ನೋಡಿ, ಬೆರಳನ್ನು ಅದಕ್ಕಿಂತ ಒಂದು ಮೂಟೆಯಷ್ಟು ಕೆಳಗಿಟ್ಟ.

“ನಾನೂ ಹಮಾಲಿಯೂ ಹತ್ತುತ್ತೇವಲ್ಲ, ಯಜಮಾನರೇ. ನಮ್ಮದೂ ಒಂದು ತೂಕ.”

ಹಿರಿಯರು ಅಲ್ಲಿಗೇ ಗೆರೆಯೆಳೆದರು. ಮಗ ಒಳಗೆ ಹೋಗಿ ಲೆಕ್ಕದ ಪುಸ್ತಕ ತೆರೆದು, ಒಂದು ಸಾಗಣೆಗೆ 10 ಎಂದಿದ್ದ ಕಡೆಯಲ್ಲೆಲ್ಲ 9 ಎಂದು ತಿದ್ದತೊಡಗಿದ.