ಪ್ರಶ್ನೆ ಕೇಳುವವರ ಎದುರು ಒಮ್ಮೆ ನಿಲ್ಲಲಿ

ಆತ್ಮೀಯರೇ,

ಡೊಂಬಿವಲಿಯಿಂದ ನೀವು ಬರೆದ ಪತ್ರ ತಲುಪಿತು. ಕಲ್ಯಾಣದ ಕಾಲೇಜಿನಲ್ಲಿ ಬಿ.ಎ. ಓದುತ್ತಿರುವ ಮಗಳು ಸಂಶೋಧನಾ ಸಮ್ಮೇಳನಕ್ಕೆ ಹೆಸರು ಕೊಡಬೇಕೆಂದಿದ್ದಾಳೆ, ಪರೀಕ್ಷೆಯ ಓದಿಗೆ ಅಡ್ಡಿಯಾಗದೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಕಳುಹಿಸಿ. ಎಲ್ಲಿಗೆ ಎಂಬುದನ್ನು ಮಾತ್ರ ನೋಡಿ ಕಳುಹಿಸಿ.

ಮೊದಲ ಸಲಕ್ಕೆ ‘ಆವಿಷ್ಕಾರ್’ಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ನಡುವಿನ ಈ ಸಂಶೋಧನಾ ಸಮ್ಮೇಳನ 2006ರಲ್ಲಿ ಶುರುವಾದಾಗ ಇಲ್ಲಿನ ರಾಜ್ಯಪಾಲರೂ ಕುಲಾಧಿಪತಿಗಳೂ ಆಗಿದ್ದವರು ನಮ್ಮ ಎಸ್.ಎಂ. ಕೃಷ್ಣ ಎಂಬುದು ನಮ್ಮವರಲ್ಲಿ ಅನೇಕರಿಗೆ ನೆನಪಿಲ್ಲ. ನಿಮ್ಮ ಕಡೆಯ ಮಕ್ಕಳು ಮುಂಬಯಿ ವಿಶ್ವವಿದ್ಯಾಲಯದ ವಲಯ ಸುತ್ತಿನಿಂದ ಹೊರಟು, ಆಯ್ಕೆಯಾದರೆ ರಾಜ್ಯಮಟ್ಟದವರೆಗೆ ಹೋಗಬಹುದು. ಭಾಷೆ, ವಾಣಿಜ್ಯ, ವಿಜ್ಞಾನ, ಕೃಷಿ, ಎಂಜಿನಿಯರಿಂಗ್, ವೈದ್ಯಕೀಯ ಹೀಗೆ 6 ವಿಭಾಗಗಳಿವೆ. ಪದವಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಹಂತವಿರುವುದರಿಂದ ಅವರು ಪಿಎಚ್.ಡಿ. ಮಾಡುವವರೊಡನೆ ಸೆಣಸಬೇಕಾಗಿಲ್ಲ.

ಅಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಪೋಸ್ಟರ್ ಸುತ್ತು. ವರ್ಷವಿಡೀ ಮಾಡಿದ್ದನ್ನೆಲ್ಲ ಒಂದು ಹಾಳೆಗೆ ಇಳಿಸಿ ಅದರ ಪಕ್ಕ ನಿಲ್ಲಬೇಕು. ಪರಿಚಯವೇ ಇಲ್ಲದ ಪ್ರಾಧ್ಯಾಪಕರೊಬ್ಬರು ಬಂದು ಕೇಳುತ್ತಾರೆ: ಮಾತನಾಡಿಸಲು ಇವರನ್ನೇ ಏಕೆ ಆರಿಸಿಕೊಂಡೆ? ಈ ತೀರ್ಮಾನಕ್ಕೆ ಆಧಾರವೇನು? ತರಗತಿಯಲ್ಲಿ ಉತ್ತರ ಬರೆದು ರೂಢಿಯಾದ ಮಕ್ಕಳಿಗೆ ತಮ್ಮದೇ ಮಾತನ್ನು ಸಮರ್ಥಿಸಿಕೊಳ್ಳುವ ಸಂದರ್ಭ ಇನ್ನೆಲ್ಲೂ ಸುಲಭವಾಗಿ ಒದಗುವುದಿಲ್ಲ. ‘ಅದನ್ನು ನಾನಿನ್ನೂ ನೋಡಿಲ್ಲ, ನೋಡುತ್ತೇನೆ’ ಎಂದು ತಲೆಯೆತ್ತಿ ಹೇಳುವುದನ್ನೂ ಅಲ್ಲೇ ಕಲಿಯುತ್ತಾರೆ.

ಶುಲ್ಕ ಕಟ್ಟಿದರೆ ಸಾಕು, ಪ್ರಬಂಧವೂ ಅಚ್ಚಾಗುತ್ತದೆ, ಸರ್ಟಿಫಿಕೇಟೂ ಸಿಗುತ್ತದೆ ಎನ್ನುವ ‘ಅಂತಾರಾಷ್ಟ್ರೀಯ’ ಸಮ್ಮೇಳನಗಳಿಂದ ದೂರವಿರಿ. ಪುಸ್ತಕಕ್ಕೆ ಐಎಸ್‌ಬಿಎನ್ ಇದೆ ಎಂದು ಅವರು ಹೇಳಿಯಾರು. ಆ ಸಂಖ್ಯೆ ಪುಸ್ತಕದ ಗುರುತಷ್ಟೇ, ಗುಣಕ್ಕೆ ಸಾಕ್ಷಿಯಲ್ಲ. ಪ್ರಬಂಧವನ್ನು ಓದಿ ತಿದ್ದುವವರು ಯಾರು, ಮಂಡನೆಯ ನಂತರ ಪ್ರಶ್ನೆಗೆ ಸಮಯವಿದೆಯೇ, ಇವೆರಡನ್ನು ಮೊದಲೇ ವಿಚಾರಿಸಿ. ಸ್ಪಷ್ಟ ಉತ್ತರ ಬಾರದಿದ್ದರೆ ಆ ಹಣದಲ್ಲಿ ಪುಸ್ತಕ ಕೊಡಿಸಿ.

ವಿಷಯ ಯಾವುದೆಂದು ಮಗಳು ಗೊಂದಲದಲ್ಲಿದ್ದಾಳಂತೆ. ನಿಮ್ಮ ಕಟ್ಟಡದಲ್ಲೇ ಇದೆಯಲ್ಲ! ಹೋಟೆಲ್ ಕೆಲಸಕ್ಕೆಂದು ಊರು ಬಿಟ್ಟು ಮುಂಬಯಿಯ ಸಣ್ಣ ಕೋಣೆಗಳಲ್ಲಿದ್ದು, ಆಮೇಲೆ ಡೊಂಬಿವಲಿಯಲ್ಲಿ ಮನೆ ಮಾಡಿದ ತುಳು, ಕನ್ನಡ ಕುಟುಂಬಗಳು ಎಷ್ಟಿಲ್ಲ? ಅಜ್ಜಿಯೊಡನೆ ತುಳು, ಸಂಘದಲ್ಲಿ ಕನ್ನಡ, ನೆರೆಯವರೊಡನೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಯಾವ ತಲೆಮಾರಿನವರು ಯಾವ ಮಾತನ್ನು ಎಲ್ಲಿ ಬಿಟ್ಟರು ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರೆ ಅದು ನಿಜವಾದ ಸಂಶೋಧನೆ. ಕಲೀನಾ ಕ್ಯಾಂಪಸ್ಸಿನಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ; ಮುಂಬಯಿ ಕನ್ನಡಿಗರ ಬದುಕಿನ ಮೇಲೆ ಅಲ್ಲಿ ಕೆಲಸ ನಡೆದಿದೆ. ಒಂದು ದಿನ ಹೋಗಿ ಅದನ್ನು ನೋಡಿಕೊಂಡು ಬರಲಿ. ವಿಜ್ಞಾನ ಓದುವ ಗೆಳತಿಯರಿದ್ದರೆ ಅವರಿಗೆ ಥಾಣೆ ಖಾರಿಯಿದೆ: ರಾಜಹಂಸಗಳು ಬರುವ ಆ ತಾಣಕ್ಕೆ 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸರ್ ಮಾನ್ಯತೆ ದೊರೆತಿದೆ.

ಈ ಭಾನುವಾರ ಮಗಳನ್ನು ಎದುರು ಕೂರಿಸಿಕೊಂಡು ಅವಳು ಹೇಳುವುದನ್ನು ಪೂರ್ತಿ ಕೇಳಿ, ತಿಳಿಯದ ಕಡೆ ತಡೆದು ಪ್ರಶ್ನೆ ಹಾಕಿ. ಅವಳು ಏನೆಂದಳೆಂದು ನನಗೆ ಬರೆಯಿರಿ.

ನಿಮ್ಮ ವಿಶ್ವಾಸದ,
ಗೆಳೆಯ