ಸಿಟ್ಟಿನ ಬೆಲಿ 9 ಪಾಯಿಂಟ್

ನಾ ಫಾರ್ಮುಲಾ ಒನ್ ನೋಡ್ತೀನಿ ಅಂದ್ರ ನಮ್ಮ ಓಣ್ಯಾಗ ಇನ್ನೂ ನಗತಾರ. 'ಸುತ್ತಿದ್ದ ಸುತ್ತೋ ಗಾಡಿ ಏನ್ ನೋಡ್ತೀರಿ ವೈನಿ, ಅದಕ್ಕಿಂತ ಧಾರಾವಾಹಿ ಛಲೋ' ಅಂತಾರ. ಆದ್ರ 2025ರಾಗ ಮ್ಯಾಕ್ಸ್ ವರ್ಸ್ಟಾಪೆನ್ ಮಾಡ್ಕೊಂಡಿದ್ದು ಕೇಳಿದ್ರ ಯಾವ ಧಾರಾವಾಹಿನೂ ಬ್ಯಾಡ ಅಂತೀರಿ.

ಈ ಹುಚ್ಚು ನನಗ ಹತ್ತಿದ್ದು ಮಗನಿಂದ. ಅಂವ ನೌಕರಿಗಂತ ಊರು ಬಿಟ್ಟ, ಹುಚ್ಚು ಮನ್ಯಾಗ ಉಳೀತು. ಮ್ಯಾಕ್ಸ್ ನೆದರ್ಲೆಂಡ್ಸ್ ದೇಶದಾಂವ. ಅವರಪ್ಪನೂ ರೇಸ್ ಓಡಿಸಿದಾಂವನ. 2021ರಿಂದ 2024ರ ತನಕ ನಾಲ್ಕೂ ವರ್ಷ ಇವನ ಚಾಂಪಿಯನ್. ನನಗಂತೂ ಮನಿ ಹುಡುಗ ಇದ್ದಂಗ. ಮನಿ ಹುಡುಗ ಅಂದ್ರ ಬೈಯೋ ಹಕ್ಕೂ ನಂದ.

ಜೂನ್ 1, ರವಿವಾರ, ಸ್ಪೇನಿನ ಬಾರ್ಸಿಲೋನಾದಾಗ ರೇಸ್. ನಮ್ಮ ಕಡೆ ಸಂಜಿ ಆರೂವರಿ. ದೇವರ ಮುಂದ ದೀಪಾ ಹಚ್ಚಿ ಟಿವಿ ಮುಂದ ಕೂತೆ. ಒಟ್ಟು 66 ಸುತ್ತು. ಮುಂದ ಪಿಯಾಸ್ಟ್ರಿ, ನಾರಿಸ್, ಅವರ ಹಿಂದ ಮೂರನೇದಾಂವ ನಮ್ಮ ಮ್ಯಾಕ್ಸ್. ಇನ್ನೇನ್ ಮುಗೀತು ಅನ್ನೋದ್ರಾಗ ಆಂಟೊನೆಲ್ಲಿ ಅನ್ನೋ ಹುಡುಗನ ಗಾಡಿ ಕೆಟ್ಟು ನಿಂತು, ಸೇಫ್ಟಿ ಕಾರ್ ಬಂತು. ಅದು ಬಂತಂದ್ರ ಎಲ್ಲಾರೂ ಅದರ ಹಿಂದ ಸಾಲಾಗಿ ಮೆಲ್ಲಕ ಹೋಗಬೇಕು, ಮುಂದಿದ್ದಾಂವ ಗಳಿಸಿದ ಅಂತರ ಎಲ್ಲಾ ಹೋಗಿಬಿಡ್ತದ. ಆ ಹೊತ್ತಿನ್ಯಾಗ ಎಲ್ಲಾರೂ ಟಯರ್ ಬದಲಿ ಮಾಡಿದ್ರು. ಬಾಕಿಯವ್ರಿಗೆ ಮೆತ್ತನ ಟಯರ್, ಜಲ್ದಿ ನೆಲಾ ಹಿಡೀತಾವ. ಮ್ಯಾಕ್ಸ್ ಮೊದಲ ಒಂದ್ಸಲ ಜಾಸ್ತಿ ಬದಲಿ ಮಾಡಿದ್ದ, ಅವಂಗ ಹೊಸಾವು ಅಂತ ಉಳಿದಿದ್ದು ಬಿರುಸು ಟಯರ್ ಅಷ್ಟ.

ರೇಸ್ ಮತ್ತ ಶುರು ಆದಕೂಡ್ಲೆ, ಬಚ್ಚಲ ಕಲ್ಲಿನ ಮ್ಯಾಲೆ ಕಾಲು ಜಾರಿದಂಗ, ಅವನ ಗಾಡಿ ಜಾರ್ತು. ಲೆಕ್ಲೆರ್ ಮುಂದ ಹೋದ. ಮೊದಲನೇ ತಿರುವಿನ್ಯಾಗ ರಸೆಲ್ ಬಾಜೂಕ ನುಗ್ಗಿದ. ಮ್ಯಾಕ್ಸ್ ದಾರಿ ಬಿಟ್ಟು ಹೊರಗ ಹೋಗಿ, ಅವನ ಮುಂದ ಬಂದು ಸೇರಿದ. 'ಜಾಗಾ ವಾಪಸ್ ಕೊಡು' ಅಂತ ಅವನ ಟೀಮಿನವ್ರ ರೇಡಿಯೋದಾಗ ಹೇಳಿದ್ರು. ಸಿಟ್ಟಿಗೆದ್ದ. ಐದನೇ ತಿರುವಿನ ಹತ್ರ ಮೆಲ್ಲಕ ಮಾಡಿದ, ರಸೆಲ್ ಬಾಜೂಕ ಬಂದ. ಅಷ್ಟರಾಗ ಇಂವ ಮತ್ತ ಗಾಡಿ ಜೋರು ಮಾಡಿ ಹೋಗಿ ಬಡದ!

ನಾ ಕೂತಲ್ಲೇ 'ಏ ಖೋಡಿ!' ಅಂತ ಒದರಿದೆ. ಒಳಗಿಂದ ನಮ್ಮನಿಯವ್ರು 'ಯಾರಿಗೆ?' ಅಂದ್ರು.

ಪಂಚರು ಕೊಟ್ಟ ಶಿಕ್ಷಾ 10 ಸೆಕೆಂಡ್. ರೇಸಿನ ಒಟ್ಟು ವ್ಯಾಳ್ಯಾಕ್ಕ ಅದನ್ನ ಕೂಡಸ್ತಾರ. ಬ್ಯಾರೆ ದಿನಾ ಆಗಿದ್ರ ಒಂದೆರಡು ಜಾಗಾ ಹೋಗ್ತಿತ್ತೋ ಏನೋ. ಸೇಫ್ಟಿ ಕಾರ್ ಬಂದು ಎಲ್ಲಾರೂ ಬೆನ್ನಿಗೆ ಬೆನ್ನು ಹತ್ತಿದ್ರಲ್ಲ, ಐದನೇದಾಂವ ಹತ್ತನೇದಾಂವ ಆದ. ಐದನೇದಕ್ಕ 10 ಪಾಯಿಂಟ್, ಹತ್ತನೇದಕ್ಕ ಒಂದ ಪಾಯಿಂಟ್. 9 ಹೋತು. ಮ್ಯಾಲೆ ಲೈಸನ್ಸಿಗೆ 3 ಪೆನಾಲ್ಟಿ ಪಾಯಿಂಟ್ ಬಿದ್ದು ಒಟ್ಟು 11 ಆತು. 12 ಆಗಿದ್ರ ಒಂದು ರೇಸ್ ಮನ್ಯಾಗ ಕೂಡಬೇಕಿತ್ತು.

ಮಗಾ ಫೋನ್ ಮಾಡಿ 'ಅವ್ವಾ, ನಿನ್ನ ಹುಡುಗಗ ಭಾಳ ಅನ್ಯಾಯ ಆತಲ್ಲ' ಅಂತ ಕಾಡಿದ. ಅನ್ಯಾಯ ಎಲ್ಲಿಂದು? ಮಗಾ ತಪ್ಪು ಮಾಡಿದ್ರ ಮಗಾ ಅನ್ನೋದೂ ಬಿಡಂಗಿಲ್ಲ, ತಪ್ಪು ಅನ್ನೋದೂ ಬಿಡಂಗಿಲ್ಲ. ಮರುದಿನ ಮ್ಯಾಕ್ಸನ ಇನ್‌ಸ್ಟಾಗ್ರಾಂನಾಗ, ಅದು ಸರಿ ಇರಲಿಲ್ಲ, ಆಗಬಾರದಿತ್ತು ಅಂತ ಒಪ್ಕೊಂಡ.

ಆಗಸ್ಟ್ ಕಡೀಕ ಅಂವ ಪಿಯಾಸ್ಟ್ರಿಗಿಂತ 104 ಪಾಯಿಂಟ್ ಹಿಂದ. ನಾನೂ ಕೈ ಬಿಟ್ಟಿದ್ದೆ. ಅಲ್ಲಿಂದ ಹುಡುಗ ಹೆಂಗ ಏರಿದ ಅಂತೀರಿ! ನವೆಂಬರದಾಗ ಲಾಸ್ ವೇಗಾಸ್‌ನಾಗ ನಾರಿಸ್, ಪಿಯಾಸ್ಟ್ರಿ ಇಬ್ಬರ ಗಾಡಿ ತಳದ ಹಲಗಿನೂ ಸವದು 9 ಮಿಲಿಮೀಟರಿಗಿಂತ ತೆಳ್ಳಗ ಆಗ್ಯಾವಂತ ಇಬ್ಬರನ್ನೂ ರೇಸಿಂದನ ತಗದ್ರು. ನಾರಿಸ್‌ನ 18 ಪಾಯಿಂಟ್ ಹೋತು. ಕಾಯ್ದೆ ಎಲ್ಲಾರಿಗೂ ಒಂದ ನೋಡ್ರಿ.

ಡಿಸೆಂಬರ್ 7ಕ್ಕ ಅಬುಧಾಬಿಯೊಳಗ ಕಡೀ ರೇಸ್. ಮ್ಯಾಕ್ಸ್ ಗೆದ್ದ, ನಾರಿಸ್ ಮೂರನೇದಾಂವ ಬಂದ. ಲೆಕ್ಕಾ ಮಾಡಿದ್ರ ನಾರಿಸ್ 423, ಮ್ಯಾಕ್ಸ್ 421. ಬರೇ 2 ಪಾಯಿಂಟ್! ಕಿರಾಣಿ ಪಟ್ಟಿ ಹಿಂದ ನಾನೂ ಬರದು ನೋಡಿದೆ. ಬಾರ್ಸಿಲೋನಾದಾಗ ಸುಮ್ನ ಜಾಗಾ ಬಿಟ್ಟು ಐದನೇದಾಂವ ಆಗಿ ಬಂದಿದ್ರ, ಬಾಕಿದ್ದೆಲ್ಲಾ ಹಂಗ ಇದ್ರ, 430.

ಇಡೀ ವರ್ಷಕ್ಕ 24 ರೇಸ್, ಒಂದರ ಮ್ಯಾಲ ಹಾಕಬಾರದು ಅಂತೀರಿ. ಖರೇನ. ಆಸ್ಟ್ರಿಯಾದಾಗ ಮೊದಲನೇ ಸುತ್ತಿನ್ಯಾಗ ಆಂಟೊನೆಲ್ಲಿ ಬಂದು ಬಡದು ಇವಂಗ ಸೊನ್ನಿ ಸಿಕ್ತು. ಅದು ಹಣೆಬಾರ, ನಾ ಅತ್ತು ಬಿಟ್ಟುಬಿಟ್ಟೆ. ಬಾರ್ಸಿಲೋನಾದ್ದು ಮಾತ್ರ ಕೈಯಾರೆ ಕಳಕೊಂಡಿದ್ದು, ಅದು ಇನ್ನೂ ಚುಚ್ತದ. ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಸಿಟ್ಟು ಇಳದ ಮ್ಯಾಲೆ ಬರ್ತದೇನು?

ಮುಂದಿನ ರೇಸಿಗೆ ಯಾರ್ಯಾರು ಬರ್ತೀರೋ ಮೊದಲ ಹೇಳ್ರಿ, ಅವಲಕ್ಕಿ ಚೂಡಾ ಜಾಸ್ತಿ ಕಲಸ್ತೀನಿ. ಒಂದ ಷರತ್ತು: ಮ್ಯಾಕ್ಸಗ ನಾ ಏನ ಬೇಕಾದ್ರೂ ಬೈತೀನಿ, ನೀವು ಬೈಯಂಗಿಲ್ಲ.