ಬುತ್ತಿಯಿಲ್ಲದ ಸವಾರ

ದೂರದ ಸೈಕಲ್ ಸವಾರಿಗೆ ಕಾಲಿನ ಬಲವೊಂದಿದ್ದರೆ ಸಾಕೆಂಬುದು ನಗರವಾಸಿಗಳ ನಂಬಿಕೆ. ಹೊಟ್ಟೆಗೂ ಅದರಲ್ಲಿ ಪಾಲುಂಟೆಂಬುದನ್ನು ಬಸವನಗುಡಿಯ ತರುಣನೊಬ್ಬನು ಕಲಿತದ್ದು ಗುಡೇಮಾರನಹಳ್ಳಿಯ ಕಟ್ಟೆಯೊಂದರ ಮೇಲೆ, ಅಂಗಾತ ಮಲಗಿ.

ಬ್ರೆವೆ ಎಂಬ ಸವಾರಿಯುಂಟು. 200 ಕಿಲೋಮೀಟರುಗಳನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕು. ಆ ಜಾತಿಯ ಸವಾರಿಗಳಲ್ಲೆಲ್ಲ ಹಿರಿದಾದ, 1891ರಲ್ಲಿ ಮೊದಲಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯ ದೂರ ಸುಮಾರು 1200 ಕಿಲೋಮೀಟರು; ಗರಿಷ್ಠ ಗಡುವು 90 ಗಂಟೆ. ತರುಣನ ಕನಸು ಅಲ್ಲಿಯವರೆಗೂ ಓಡಿತ್ತು. ಮೂರು ತಿಂಗಳ ಸಂಬಳ ಸುರಿದು ಸೈಕಲ್ ಕೊಂಡಿದ್ದ. "ನಾಲ್ಕು ದಿನದ ಹುಚ್ಚು" ಎಂದು ತಂದೆ ಪತ್ರಿಕೆಯಿಂದ ತಲೆಯೆತ್ತದೆಯೇ ತೀರ್ಪು ಕೊಟ್ಟಿದ್ದರು. ಅದನ್ನು ಸುಳ್ಳುಮಾಡುವ ಆತುರದಲ್ಲಿ, ತಾಯಿ ಮಾಡಿದ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು, ಬರಿಯ ಕಾಫಿ ಕುಡಿದು ಹೊರಟ.

ಮಾಗಡಿಯನ್ನು ಹಾದಮೇಲೆ ಕೈ ನಡುಗಿತು, ಕಣ್ಣು ಮಂಜಾಯಿತು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ದೇಹವು ಕೂಡಿಟ್ಟ ಸಕ್ಕರೆ, ಬಿರುಸಾಗಿ ತುಳಿದರೆ ಎರಡು ಗಂಟೆಗಳಲ್ಲಿ ಬಹುಮಟ್ಟಿಗೆ ಬರಿದಾಗುತ್ತದೆ. ಫೋನು ಮಾಡಿದ್ದರೆ ತಂದೆ ಕಾರು ತರುತ್ತಿದ್ದರು, ಜೊತೆಗೆ ತೀರ್ಪನ್ನೂ.

"ಏನ್ ತಿಂದಿದ್ದೆ ಮಗ?" ಎಂದು ಕೇಳಿದವನು ಕಟ್ಟೆಯ ಮೇಲಿನ ವೃದ್ಧ.

"ಕಾಫಿ."

ವೃದ್ಧ ನಗಲಿಲ್ಲ. ಅಂಗಡಿಯಿಂದ ಎರಡು ಬಾಳೆಹಣ್ಣು, ಮನೆಯಿಂದ ಉಪ್ಪು ಬೆರೆಸಿದ ಮಜ್ಜಿಗೆ ತರಿಸಿದ. ಪ್ರಾಯದಲ್ಲಿ ರೇಷ್ಮೆಗೂಡಿನ ಮೂಟೆಯನ್ನು ಸೈಕಲ್ಲಿಗೆ ಕಟ್ಟಿ ರಾಮನಗರದ ಮಾರುಕಟ್ಟೆಗೆ ತುಳಿದವನು ಅವನು. "ಮುದ್ದೆ ಉಂಡು ಎರಡು ಗಂಟೆ ಬಿಟ್ಟು ಹೊರಡಬೇಕು. ಹಸಿವಾದ್ಮೇಲೆ ತಿಂದ್ರೆ ತಡವಾಯ್ತು ಕಣಪ್ಪ. ಅದಕ್ಕೆ ಮುಂಚೇನೇ ತುಂಡು ಬೆಲ್ಲ, ಹಿಡಿ ಕಡ್ಲೆಕಾಯಿ."

ಇಂದಿನ ಆಹಾರತಜ್ಞರ ಮಾತೂ ಇದಕ್ಕೆ ದೂರವಲ್ಲ. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 25 ಗ್ರಾಂ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು.

ಬಳಿಕ ವೃದ್ಧನ ದೃಷ್ಟಿ ಸೈಕಲ್ಲಿನ ಮೇಲೆ ಬಿತ್ತು. ಸೀಟು ತಗ್ಗಾಗಿತ್ತು. ಪೆಡಲ್ ಕೆಳಗಿರುವಾಗ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿ ನೋವು ತಪ್ಪುತ್ತದೆ. ಹೆಲ್ಮೆಟ್, ದೀಪ, ಪಂಪು, ಬದಲಿ ಟ್ಯೂಬು ಎಲ್ಲವೂ ಇದ್ದವು.

"ಇಷ್ಟು ದುಡ್ಡು ತಕೊಂಡು ಗಂಟೆ ಕೊಡಲಿಲ್ವಾ?"

ತರುಣ ಮೊದಲ ಬಾರಿ ನಕ್ಕ. ಅಂದು ಮುಂದಕ್ಕೆ ಹೋಗಲಿಲ್ಲ. ನಿಧಾನವಾಗಿ ತುಳಿದು ಮನೆ ಸೇರಿ, ನಡೆದದ್ದನ್ನೆಲ್ಲ ಒಪ್ಪಿಕೊಂಡ. ತಂದೆ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ನಸುಕಿನಲ್ಲಿ ಎದ್ದು, ಅವನ ಚೀಲದಲ್ಲಿ ನಾಲ್ಕು ಬಾಳೆಹಣ್ಣು, ಒಂದು ಪೊಟ್ಟಣ ಕಡಲೆಮಿಠಾಯಿ ಇಟ್ಟರು.

ಗುಡೇಮಾರನಹಳ್ಳಿಯಲ್ಲಿ ಹೊಸ ಗಂಟೆ ಎರಡು ಸಲ ಮೊಳಗಿತು. ಕಟ್ಟೆಯ ಮೇಲಿನ ವೃದ್ಧ ಎಷ್ಟು ದೂರವೆಂದು ಕೇಳಲಿಲ್ಲ.

"ತಿಂದ್ಯಾ?" ಎಂದ.